ಇಲಿ ಎದ್ದು ಓಡಿದರೆ ನಮಗೆ ತಿಳಿಯುವುದೆಷ್ಟು?

1957ರಲ್ಲಿ ಸ್ವೀಡನ್ನಿನ ವಿಜ್ಞಾನಿ ಆರ್ವಿಡ್ ಕಾರ್ಲ್‌ಸನ್ ಮತ್ತು ಸಂಗಡಿಗರು ಇಲಿ, ಮೊಲಗಳಿಗೆ ರಿಸರ್ಪಿನ್ ಕೊಟ್ಟರು. ಅದು ನಮ್ಮ ಸರ್ಪಗಂಧದ ಬೇರಿನಲ್ಲಿರುವ ಮದ್ದು. ಆ ಬೇರು ರಕ್ತದೊತ್ತಡ ಇಳಿಸುವುದನ್ನು ಮುಂಬೈಯ ವೈದ್ಯ ರುಸ್ತುಂ ಜಾಲ್ ವಕೀಲ್ 1949ರಲ್ಲೇ ಜಗತ್ತಿಗೆ ತಿಳಿಸಿದ್ದರು. ಮದ್ದು ಏರಿದ ಪ್ರಾಣಿಗಳು ಅಲುಗದೆ ಕುಳಿತವು. ಎಲ್-ಡೋಪಾ ಎಂಬ ಅಮೈನೋ ಆಮ್ಲವನ್ನು ಚುಚ್ಚಿದಾಗ ಎದ್ದು ಓಡಾಡತೊಡಗಿದವು.

ರಿಸರ್ಪಿನ್ ನರಕೋಶಗಳಲ್ಲಿರುವ ಡೋಪಮಿನ್ ಎಂಬ ರಾಸಾಯನಿಕದ ದಾಸ್ತಾನನ್ನು ಬರಿದು ಮಾಡುತ್ತದೆ. ಡೋಪಮಿನ್ನನ್ನೇ ಕೊಟ್ಟರೆ ಅದು ರಕ್ತದಿಂದ ಮಿದುಳಿಗೆ ದಾಟಲಾರದು. ಎಲ್-ಡೋಪಾ ದಾಟುತ್ತದೆ, ಒಳಗೆ ಹೋಗಿ ಡೋಪಮಿನ್ ಆಗುತ್ತದೆ. ಊಟದ ಪ್ರೋಟೀನಿನಿಂದ ಬರುವ ಹಲವು ಅಮೈನೋ ಆಮ್ಲಗಳಿಗೂ ಅದೇ ಬಾಗಿಲು. ಅದಕ್ಕೇ ಚಲನೆಯನ್ನು ಕುಂದಿಸುವ ಪಾರ್ಕಿನ್ಸನ್ ರೋಗವಿರುವವರಿಗೆ ಎಲ್-ಡೋಪಾ ಮಾತ್ರೆಯನ್ನು ಪ್ರೋಟೀನ್ ಹೆಚ್ಚಿರುವ ಊಟದ ಜೊತೆ ನುಂಗಬೇಡಿ ಎನ್ನುವುದು. 1960ರಲ್ಲಿ ವಿಯೆನ್ನಾದ ವಿಜ್ಞಾನಿ ಹಾರ್ನಿಕೀವಿಚ್ ಆ ರೋಗಿಗಳ ಮಿದುಳಿನಲ್ಲಿ ಡೋಪಮಿನ್ ಕೊರತೆಯನ್ನು ಕಂಡರು. ಇಂದಿಗೂ ಎಲ್-ಡೋಪಾ ಆ ರೋಗದ ಮುಖ್ಯ ಔಷಧಿ. ಮೂಕಪ್ರಾಣಿಗಳಿಂದ ಮನುಷ್ಯ ಪಡೆದ ದೊಡ್ಡ ಉಪಕಾರವಿದು.

ಇಲ್ಲಿ ಇಲಿಯ ಸಾಕ್ಷ್ಯವನ್ನು ನಂಬಬಹುದಾಗಿತ್ತು, ಏಕೆಂದರೆ ಕೇಳಿದ್ದು ಚಲನೆಯ ಪ್ರಶ್ನೆ. ನಿಂತ ದೇಹ ಚಲಿಸಿತೇ ಎಂಬುದನ್ನು ಇಲಿಯಲ್ಲೂ ಮನುಷ್ಯನಲ್ಲೂ ಒಂದೇ ಕಣ್ಣಿನಿಂದ ನೋಡಬಹುದು. ದುಃಖ ಹಾಗಲ್ಲ. 1977ರಲ್ಲಿ ಪೋರ್ಸೋಲ್ಟ್ ಎಂಬ ವಿಜ್ಞಾನಿ, ನೀರು ತುಂಬಿದ ಪಾತ್ರೆಗೆ ಇಲಿಯನ್ನು ಬಿಟ್ಟು, ಅದು ಈಜು ನಿಲ್ಲಿಸಿ ತೇಲುವ ಹೊತ್ತನ್ನು ಅಳೆದರು. ಆ ಸ್ಥಿತಿಗೆ ಇಟ್ಟ ಹೆಸರು ಹತಾಶೆ. ಖಿನ್ನತೆಯ ಮದ್ದು ಕೊಟ್ಟರೆ ಇಲಿ ಹೆಚ್ಚು ಹೊತ್ತು ಈಜುತ್ತದೆ, ನಿಜ. ಆದರೆ ತೇಲುವ ಇಲಿ ಶಕ್ತಿ ಉಳಿಸಿಕೊಳ್ಳುತ್ತಿರಬಹುದು. ಗೋಡೆ ಹತ್ತಲಾಗದೆಂದು ಕಲಿತಿರಬಹುದು. ಮನುಷ್ಯನ ಹತಾಶೆಯಲ್ಲಿ ನಾಳೆಯ ಭಯವಿದೆ, ಸಾಲವಿದೆ, ಸತ್ತವರ ನೆನಪಿದೆ. ಇವನ್ನು ತೇಲುವ ಹೊತ್ತಿನಲ್ಲಿ ಅಳೆಯಲಾಗದು.

ಇನ್ನೊಂದು ತೊಡಕೂ ಇದೆ, ನನ್ನನ್ನು ಹೆಚ್ಚು ಕಾಡುವುದು ಅದೇ. ಇಲಿ ನಮ್ಮಂತೆಯೇ ಹತಾಶೆಪಡುತ್ತದೆ ಎಂದಾದರೆ ಅದನ್ನು ನೀರಿಗೆ ಬಿಡುವ ಹಕ್ಕು ನಮಗೆ ಎಲ್ಲಿಂದ ಬಂತು? ಪಡುವುದಿಲ್ಲ ಎಂದಾದರೆ, ನಮ್ಮ ಖಿನ್ನತೆಯ ಬಗ್ಗೆ ಅದು ಹೇಳುವುದೇನು? ಪ್ರಯೋಗಕ್ಕೆ ಬೇಕಾದಾಗ ಹೋಲಿಕೆಯನ್ನೂ ನೋವಿನ ಲೆಕ್ಕ ಬಂದಾಗ ವ್ಯತ್ಯಾಸವನ್ನೂ ಹಿಡಿಯುವುದು ನ್ಯಾಯವಲ್ಲ.

ಮನಸ್ಸಿಗೂ ರಸಾಯನಕ್ಕೂ ಸಂಬಂಧವಿಲ್ಲವೆಂದು ನಾನು ಹೇಳುತ್ತಿಲ್ಲ. ಆದರೆ ಒಂದು ರಾಸಾಯನಿಕ ಬದಲಾದಾಗ ಮನಸ್ಸೂ ಬದಲಾಗುತ್ತದೆ ಎಂಬುದರಿಂದ, ದುಃಖವೆಂದರೆ ಆ ರಾಸಾಯನಿಕದ ಕೊರತೆಯೇ ಎಂಬ ತೀರ್ಮಾನ ಹುಟ್ಟುವುದಿಲ್ಲ. ತಲೆನೋವು ಆಸ್ಪಿರಿನ್ ಕೊರತೆಯಿಂದ ಬಂದದ್ದಲ್ಲವಲ್ಲ. ಖಿನ್ನತೆಗೆ ಸಿರೋಟೋನಿನ್ ಎಂಬ ಮಿದುಳಿನ ರಾಸಾಯನಿಕದ ಕೊರತೆಯೇ ಕಾರಣ ಎನ್ನಲು ಸುಸಂಗತ ಪುರಾವೆಯಿಲ್ಲವೆಂದು 2022ರ ವಿಸ್ತೃತ ವಿಮರ್ಶೆಯೊಂದು ಹೇಳಿತು. ಕಾರಣ ಇದಲ್ಲವೆಂದ ಮಾತ್ರಕ್ಕೆ ಮದ್ದು ವ್ಯರ್ಥವೆಂದೂ ಆಗದು. ಅದನ್ನು ಸೇವಿಸುತ್ತಿರುವವರು ವೈದ್ಯರನ್ನು ಕೇಳದೆ ದಯವಿಟ್ಟು ನಿಲ್ಲಿಸಬೇಡಿ.