ಕೊಳ್ಳದವನ ಟೆಸ್ಟ್ ಡ್ರೈವ್

ಮೊದಲೇ ಹೇಳಿಬಿಡ್ತೀನಿ. ಆ ಕಾರನ್ನ ನಾನು ಕೊಳ್ಳೋದಿಲ್ಲ ಅಂತ ಷೋರೂಮಿನ ಗಾಜಿನ ಬಾಗಿಲು ತಳ್ಳುವ ಮೊದಲೇ ನನಗೆ ಗೊತ್ತಿತ್ತು. ಹಿಂದಿನ ರಾತ್ರಿಯೇ ಲೆಕ್ಕ ಹಾಕಿ ಮಲಗಿದ್ದೆ. ಆನ್‌ರೋಡ್ ಬೆಲೆ 70 ಲಕ್ಷದ ಮೇಲೆ. 10 ಲಕ್ಷ ಕೈಯಿಂದ ಹಾಕಿ 60 ಲಕ್ಷ ಸಾಲ ತಗೊಂಡರೆ, 9 ಪರ್ಸೆಂಟ್ ಬಡ್ಡಿಯಲ್ಲಿ 7 ವರ್ಷಕ್ಕೆ ತಿಂಗಳ ಕಂತು ಸುಮಾರು 96,500 ರೂಪಾಯಿ. ಫ್ಲ್ಯಾಟಿನ ಕಂತು ಕಟ್ಟಿದ ಮೇಲೆ ನನ್ನ ಕೈಯಲ್ಲಿ ಉಳಿಯೋದೇ ಅದಕ್ಕಿಂತ ಕಡಿಮೆ. 20 ಲಕ್ಷ ದಾಟಿದ ಕಾರಿಗೆ ನಮ್ಮ ರಾಜ್ಯದಲ್ಲಿ ಆಜೀವ ತೆರಿಗೆ 18 ಪರ್ಸೆಂಟ್. ಆ ತೆರಿಗೆ ದುಡ್ಡಿನಲ್ಲೇ ಒಂದು ಹೊಸ ಚಿಕ್ಕ ಕಾರು ಬರುತ್ತೆ. ಇಷ್ಟೆಲ್ಲಾ ಗೊತ್ತಿದ್ದೂ ಮರುದಿನ ಇಸ್ತ್ರಿ ಮಾಡಿದ ಷರ್ಟು ಹಾಕಿಕೊಂಡು ಹೋದೆ. ನನ್ನ 2016ರ ಸ್ವಿಫ್ಟನ್ನ ಎರಡು ಕ್ರಾಸ್ ಆಚೆ ನಿಲ್ಲಿಸಿ.

ಯಾವ ಕಾರು ಅಂತ ಕೇಳಬೇಡಿ. 'ಎಂಟ್ರಿ ಲೆವೆಲ್ ಲಕ್ಷುರಿ ಸ್ಪೋರ್ಟ್ಸ್ ಸೆಡಾನ್' ಅಂದರೆ ಎಲ್ಲರ ಬಾಯಲ್ಲಿ ಬರೋದು ಜರ್ಮನಿಯ ಮೂರು ಹೆಸರು. 1975ರಲ್ಲಿ ಹುಟ್ಟಿದ ಬಿಎಂಡಬ್ಲ್ಯು 3 ಸೀರೀಸ್, 'ಬೇಬಿ ಬೆಂಜ್' ಅಂತ ಕರೆಸಿಕೊಂಡ 190ರ ವಂಶದ ಮರ್ಸಿಡಿಸ್ ಸಿ-ಕ್ಲಾಸ್, ಆಮೇಲೆ ಆಡಿ ಎ4. ಅವುಗಳಲ್ಲಿ ಒಂದು ಅಂತಿಟ್ಟುಕೊಳ್ಳಿ. ಹೆಸರು ಹೇಳಿದರೆ ಷೋರೂಮು ಗೊತ್ತಾಗುತ್ತೆ, ಷೋರೂಮು ಗೊತ್ತಾದರೆ ಒಬ್ಬ ಹುಡುಗ ಸಿಕ್ಕಿಬೀಳ್ತಾನೆ. ಯಾಕೆ ಅನ್ನೋದು ಮುಂದೆ ಬರುತ್ತೆ. (ಅಂದಹಾಗೆ, ನಮ್ಮ ಐಟಿಯಲ್ಲಿ 'ಎಂಟ್ರಿ ಲೆವೆಲ್' ಅಂದರೆ ವರ್ಷಕ್ಕೆ ನಾಲ್ಕು ಲಕ್ಷದ ಫ್ರೆಶರ್. ಅದೇ ಪದ ಎಷ್ಟು ದೂರ ಪ್ರಯಾಣ ಮಾಡಿದೆ ನೋಡಿ.)

ಹುಡುಗ ಅರಸೀಕೆರೆ ಕಡೆಯವನು. ಇಪ್ಪತ್ತೈದರ ಆಸುಪಾಸು. ಕೋಟು ಅವನಿಗೆ ಸ್ವಲ್ಪ ದೊಡ್ಡದಾಗಿತ್ತು. ಸಾಮಾನ್ಯವಾಗಿ ಟೆಸ್ಟ್ ಡ್ರೈವ್ ಅಂದರೆ ಪಕ್ಕದಲ್ಲಿ ಅವರೂ ಕೂತು ಇಪ್ಪತ್ತು ನಿಮಿಷ ರಿಂಗ್ ರೋಡಿನಲ್ಲಿ ಸುತ್ತಿಸಿ ವಾಪಸ್ ಕರೆತರೋದು. ನಾನು ಅವನಿಗೆ, "ಊರಲ್ಲಿ ಅಪ್ಪಂಗೆ ಒಂದ್ಸಲ ತೋರಿಸಬೇಕು, ದೀಪಾವಳಿ ಹೊತ್ತಿಗೆ ಅಂತ ಯೋಚನೆ ಇದೆ" ಅಂದೆ. ಎಷ್ಟು ಸಲೀಸಾಗಿ ಬಂತು ಅಂದರೆ ನನಗೇ ಆಶ್ಚರ್ಯ. ಅವನು ಮ್ಯಾನೇಜರ್ ಹತ್ತಿರ ಎರಡು ಸಲ ಒಳಗೆ ಹೋಗಿ ಬಂದ. ಮೂರನೇ ಸಲ ಬಂದಾಗ ಮುಖ ಅರಳಿತ್ತು. "ಶನಿವಾರ ಬೆಳಿಗ್ಗೆಯಿಂದ ಸಂಜೆವರೆಗೆ ಸರ್. 200 ಕಿಲೋಮೀಟರ್ ಲಿಮಿಟ್. ನಾನೇ ಜವಾಬ್ದಾರಿ ಅಂತ ಹೇಳಿದೀನಿ." ಲೈಸೆನ್ಸಿನ ಜೆರಾಕ್ಸು, ನಾಲ್ಕು ಸಹಿ, ಕೀಲಿ.

ಸುಖದ ಬಗ್ಗೆ ಸುಳ್ಳು ಹೇಳಲ್ಲ. ಚೆನ್ನಾಗಿತ್ತು. ಬಹಳ ಚೆನ್ನಾಗಿತ್ತು. ಬಾಗಿಲು ಮುಚ್ಚಿದ ಕೂಡಲೇ ಬೆಂಗಳೂರು ಯಾರೋ ವಾಲ್ಯೂಮ್ ಇಳಿಸಿದ ಹಾಗೆ ಹಿಂದೆ ಸರೀತು. ಸೀಟು ಎರಡೂ ಪಕ್ಕೆ ಹಿಡಿದುಕೊಂಡಿತು. ಕೆಂಗೇರಿ ದಾಟಿ ಮೈಸೂರು ಎಕ್ಸ್‌ಪ್ರೆಸ್‌ವೇ ಹತ್ತಿದ ಮೇಲೆ ಒಂದೇ ಒಂದು ಸಲ ಆಕ್ಸಿಲರೇಟರ್ ಪೂರ್ತಿ ಒತ್ತಿದೆ. ಏಳು ಸೆಕೆಂಡು ಇರಬಹುದು, ಅಲ್ಲಿನ ಮಿತಿ ನೂರು, ಮುಳ್ಳು ನೂರಕ್ಕೆ ಬಂದು ಕೂತಿತ್ತು. ಬೆನ್ನು ಸೀಟಿಗೆ ಅಂಟಿಕೊಂಡ ಆ ಕ್ಷಣದಲ್ಲಿ ನನ್ನ ಸ್ಪ್ರಿಂಟು, ಅಪ್ರೈಸಲ್ಲು, ಫ್ಲ್ಯಾಟಿನ ನೀರಿನ ಗಲಾಟೆ ಒಂದೂ ಇರಲಿಲ್ಲ. ಇದನ್ನು ಬರೀ ಷೋಕಿ ಅಂತ ತಳ್ಳಿಹಾಕುವವರು ಒಂದ್ಸಲ ಓಡಿಸಿ ನೋಡಿ ಮಾತಾಡಬೇಕು. ಒಳ್ಳೆ ಯಂತ್ರವನ್ನು ಇಷ್ಟಪಡೋದರಲ್ಲಿ ಪಾಪ ಏನೂ ಇಲ್ಲ.

ಬೇಜಾರಾಗಿದ್ದು ಬೇರೆ ವಿಷಯಕ್ಕೆ. ಹೊರಡುವಾಗ ಪರ್ಸು ತಗೊಳ್ಳೋಕೆ ನಮ್ಮ ಅಪಾರ್ಟ್‌ಮೆಂಟಿಗೇ ಹೋಗಿದ್ದೆ. ದಿನಾ ನನ್ನ ಸ್ವಿಫ್ಟ್ ಬಂದರೆ ಕೂತಲ್ಲಿಂದಲೇ ಕೈ ಬೀಸುವ ಸೆಕ್ಯೂರಿಟಿ ಅಣ್ಣ ಓಡಿಬಂದು ಗೇಟು ತೆಗೆದು ಸೆಲ್ಯೂಟ್ ಹೊಡೆದ. ಗಾಜು ಇಳಿಸಿದೆ. "ಓ, ನೀವಾ" ಅಂತ ನಕ್ಕು ಕೈ ಇಳಿಸಿದ. ನಾನೂ ನಕ್ಕೆ. ಟೋಲಿನ ಹತ್ತಿರ, ಬಿಡದಿಯಲ್ಲಿ ಕಾಫಿಗೆ ನಿಲ್ಲಿಸಿದಾಗ, ಎಲ್ಲಾ ಕಡೆ ಇದೇ ಗೌರವ. ಒಂದು ದಿನದ ಮಟ್ಟಿಗೆ ಇಡೀ ಮೈಸೂರು ರಸ್ತೆಗೆ ನನ್ನ ಬಗ್ಗೆ ತಪ್ಪು ಮಾಹಿತಿ ಸಿಕ್ಕಿತ್ತು. ಅದನ್ನು ತಿದ್ದುವ ಆತುರವೂ ನನಗಿರಲಿಲ್ಲ.

ದಾರಿಯುದ್ದಕ್ಕೂ ನನ್ನ ಜೊತೆ ನಾನೇ ವಾದ ಮಾಡ್ತಾ ಹೋದೆ. ನಾನು ಮಾಡಿದ್ದು ಮೋಸವಾ? ಟೆಸ್ಟ್ ಡ್ರೈವ್ ಮಾಡಿದವರೆಲ್ಲಾ ಕಾರು ಕೊಳ್ಳಲ್ಲ, ಇದು ಕಂಪನಿಗೂ ಗೊತ್ತು. ಆ ಪೆಟ್ರೋಲು, ಆ ಡೆಮೊ ಗಾಡಿ ಎಲ್ಲಾ ಅವರ ಖರ್ಚಿನ ಲೆಕ್ಕದಲ್ಲೇ ಇರುತ್ತೆ. ಅಷ್ಟೇ ಯಾಕೆ, ಇವತ್ತು ಕೊಳ್ಳಲಾಗದವನಿಗೂ ರುಚಿ ಹತ್ತಿಸಿದರೆ ಐದು ವರ್ಷ ಬಿಟ್ಟು ತಾನಾಗೇ ಬರ್ತಾನೆ ಅನ್ನೋದು ಅವರ ಲೆಕ್ಕ. ಹಾಗಾದರೆ ಅವರ ಬೀಜ, ನನ್ನ ಹೊಲ. ನಷ್ಟ ಯಾರಿಗೆ? ಬೇಕಾದರೆ ನಷ್ಟ ನನಗೇ, ವಾಪಸ್ ಹೋಗಿ ಆ ಸ್ವಿಫ್ಟಿನಲ್ಲೇ ತಾನೇ ಕೂರಬೇಕು.

ಈ ವಾದದಲ್ಲಿ ಒಂದು ತೂತು ಇದೆ ಅಂತ ರಾಮನಗರದ ಬೈಪಾಸಿನಲ್ಲೇ ಗೊತ್ತಾಗಿತ್ತು. ಒಪ್ಪಿಕೊಳ್ಳೋಕೆ ಇಷ್ಟ ಇರಲಿಲ್ಲ ಅಷ್ಟೆ. ಕೊಳ್ಳದೇ ಇರೋದು ಬೇರೆ, ಕೊಳ್ತೀನಿ ಅನ್ನೋದು ಬೇರೆ. "ಸುಮ್ನೆ ಓಡಿಸಿ ನೋಡಬೇಕು ಅಂತ ಆಸೆ" ಅಂದಿದ್ದರೆ ಇಪ್ಪತ್ತು ನಿಮಿಷ ಸಿಗ್ತಿತ್ತು. ಇಡೀ ದಿನ ಸಿಕ್ಕಿದ್ದು ದೀಪಾವಳಿಯ ಹೆಸರಿಗೆ. ಇಮ್ಯಾನುಯೆಲ್ ಕಾಂಟ್ ಅನ್ನೋ ಜರ್ಮನ್ ಪುಣ್ಯಾತ್ಮ 1797ರಲ್ಲಿ ಒಂದು ಪ್ರಬಂಧ ಬರೆದ. ಕೊಲೆಗಾರ ಮನೆ ಬಾಗಿಲಿಗೆ ಬಂದು ನಿನ್ನ ಗೆಳೆಯ ಒಳಗಿದ್ದಾನಾ ಅಂತ ಕೇಳಿದರೂ ಸುಳ್ಳು ಹೇಳೋ ಹಾಗಿಲ್ಲ ಅನ್ನುವಷ್ಟು ಖಡಾಖಂಡಿತ. ಈ ಮಾತು ನನಗೆ ಯಾವತ್ತೂ ಒಪ್ಪಿಗೆಯಾಗಿಲ್ಲ. ತನ್ನ ಊರು ಬಿಟ್ಟು ದೂರ ಹೋದವನೇ ಅಲ್ಲ ಅವನು. ಆದರೆ ಅವನ ಇನ್ನೊಂದು ಮಾತಿದೆ: ಮನುಷ್ಯರನ್ನು ಬರೀ ಸಾಧನವಾಗಿ ಬಳಸಬಾರದು. ಅದು ಮಾತ್ರ ಹಿಂದಿನ ಸೀಟಿನಲ್ಲಿ ಕೂತು ಮದ್ದೂರಿನವರೆಗೂ ಬಂತು.

ಮದ್ದೂರಿನಿಂದ ನಮ್ಮೂರಿಗೆ ತಿರುಗಿದರೆ ಶಾಲೆ ಹತ್ತಿರ ಒಂದು ಹಂಪ್ ಇದೆ. ಯಾವ ಪುಣ್ಯಾತ್ಮ ಹಾಕಿಸಿದನೋ, ಎತ್ತಿನಗಾಡಿಯೂ ಯೋಚನೆ ಮಾಡಬೇಕು. ಓರೆಯಾಗಿ, ನಿಧಾನಕ್ಕೆ ಹತ್ತಿಸಿದೆ. ಆದರೂ ಹೊಟ್ಟೆ 'ಚರ್' ಅಂತು. ಇಳಿದು ಬಗ್ಗಿ ನೋಡಿದರೆ ಸದ್ಯ, ಏನೂ ಆಗಿರಲಿಲ್ಲ. ಬಗ್ಗಿದಾಗಲೇ ಧರ್ಮರಾಯನ ರಥ ನೆನಪಾಯ್ತು. ಅವನ ರಥ ನೆಲದಿಂದ ನಾಲ್ಕು ಬೆರಳು ಮೇಲೆ ಓಡ್ತಿತ್ತಂತೆ. "ಅಶ್ವತ್ಥಾಮ ಸತ್ತ" ಅಂತ ಜೋರಾಗಿ, "ಆನೆ" ಅಂತ ಮೆಲ್ಲಗೆ ಹೇಳಿದನಲ್ಲ, ಆವತ್ತೇ ನೆಲಕ್ಕಿಳೀತು. ಚಿಕ್ಕವನಿದ್ದಾಗ ಈ ಕತೆ ಕೇಳಿ, ಇಷ್ಟಕ್ಕೇನಾ ಇಷ್ಟು ಶಿಕ್ಷೆ ಅನ್ನಿಸ್ತಿತ್ತು. ಅಷ್ಟಕ್ಕೂ ರಥ ಮುರೀಲಿಲ್ಲ, ಓಡೋದು ನಿಲ್ಲಲಿಲ್ಲ. ಎಲ್ಲರ ರಥದ ಹಾಗೆ ಆಯ್ತು.

ಅಪ್ಪ ಕೆಎಸ್ಆರ್‌ಟಿಸಿಯಲ್ಲಿ ಡ್ರೈವರ್ ಆಗಿದ್ದವರು. ಎಕ್ಸ್‌ಪ್ರೆಸ್‌ವೇ ಇಲ್ಲದ ಕಾಲದಲ್ಲಿ ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ ಎಲ್ಲಾ ಊರಿನ ಒಳಗೇ ನುಗ್ಗಿ 29 ವರ್ಷ ಬಸ್ಸು ಓಡಿಸಿದವರು. ಅಪಘಾತವಿಲ್ಲದ ಸೇವೆಗೆ ಕೊಟ್ಟ ಪದಕ ಈಗಲೂ ಷೋಕೇಸಿನಲ್ಲಿದೆ, ಅಮ್ಮನ ಸ್ಟೀಲ್ ಡಬ್ಬಿಗಳ ಪಕ್ಕ. ಕಾರಿನ ಸುತ್ತ ಒಂದು ಸುತ್ತು ಬಂದರು, ಒಂದು ಟೈರನ್ನ ಕಾಲಲ್ಲಿ ಒತ್ತಿದರು. ಸ್ಟಿಯರಿಂಗ್ ಮುಂದೆ ಕೂತು ಮೊದಲು ಮಾಡಿದ ಕೆಲಸ ಕನ್ನಡಿ ಸರಿ ಮಾಡಿಕೊಂಡಿದ್ದು. ಓಡಿಸಿ ಅಪ್ಪ ಅಂದೆ. "ಸಹಿ ಯಾರ್ದು?" ಅಂದರು. ನಂದು. "ಮತ್ತೆ?" ಅಂತ ಇಳಿದೇ ಬಿಟ್ಟರು.

ಊಟಕ್ಕೆ ಕೂತಾಗ ಕೇಳಿದರು, "ಸುಮ್ನೆ ಯಾಕ್ಲಾ ಕೊಟ್ರು ಒಂದಿನ?"

ಹೇಳಿದೆ. ದೀಪಾವಳಿ ವಿಷಯವನ್ನೂ ಹೇಳಿದೆ. ಕಂಪನಿಯವರ ಲೆಕ್ಕಾಚಾರ, ಬೀಜ, ಹೊಲ ಎಲ್ಲಾ ವಿವರಿಸಿದೆ. ನನ್ನ ಪಿಪಿಟಿ ಮುಗಿಯುವವರೆಗೆ ಅವರು ಮುದ್ದೆ ಮುರೀತಾ ಇದ್ದರು.

"ಟಿಕೆಟ್ ತಗೊಳ್ದೆ ಕೂತ್ಕೊಳ್ಳೋನು ಇರ್ತಾನಲ್ಲ," ಅಂದರು, "ಅವ್ನೂ ಇದೇ ಅನ್ಕಂಡಿರ್ತಾನೆ. ಖಾಲಿ ಸೀಟು, ಹೆಂಗೂ ಬಸ್ಸು ಹೋಯ್ತದೆ, ಸರ್ಕಾರದ್ದು, ಏನ್ ಮಹಾ ಲಾಸು ಅಂತ. ಚೆಕಿಂಗ್‌ನವ್ರು ಹತ್ತುದ್ರೆ ಅವ್ನು ದಂಡ ಕಟ್ಟಿ ಇಳ್ಕೊಂಡು ಹೋಯ್ತಾನೆ. ಮೆಮೊ ಬರೋದು ಕಂಡಕ್ಟರ್‌ಗೆ ಕಣ್ಲಾ."

ಅಷ್ಟೇ ಹೇಳಿದ್ದು. ಆಮೇಲೆ ಮಜ್ಜಿಗೆ ಹಾಕು ಅಂದರು ಅಮ್ಮನಿಗೆ.

ವಾಪಸ್ ಬರುವಾಗ ಕಾರು ಅಷ್ಟೇ ಚೆನ್ನಾಗಿ ಓಡ್ತು. ನಾನು ಎಂಬತ್ತು ದಾಟಲಿಲ್ಲ. ಕೀಲಿ ಕೊಡುವಾಗ ನಿಜ ಹೇಳಿಬಿಡೋದು ಅಂತ ಚನ್ನಪಟ್ಟಣದ ಹತ್ತಿರ ತೀರ್ಮಾನ ಆಯ್ತು. ತೀರ್ಮಾನ ಆದ ಕೂಡಲೇ ಎಂಥ ಹಗುರ! ಆ ಹುಡುಗ ಏನನ್ನಬಹುದು ಅಂತ ಎರಡು ಥರ ಊಹಿಸಿದ್ದೆ. ಒಂದು, ಮುಖ ಗಂಟು ಹಾಕ್ಕೋತಾನೆ. ಇನ್ನೊಂದು, ಪರವಾಗಿಲ್ಲ ಸರ್ ನೀವು ಹೇಳಿದ್ರಲ್ಲ ಅದೇ ದೊಡ್ಡದು ಅಂತಾನೆ. ಎರಡನೆಯದನ್ನ ಮನಸ್ಸಿನಲ್ಲಿ ನಾಲ್ಕು ಸಲ ಓಡಿಸಿ ನೋಡಿದ್ದೆ.

ಸಂಜೆ ಆರೂವರೆ. ಷೋರೂಮಿನ ಹಿಂದಿನ ಯಾರ್ಡಿನಲ್ಲಿ ಅವನು ಗಾಡಿಯ ಸುತ್ತ ಫೋಟೊ ತೆಗೀತಿದ್ದ. ಹೇಳಿದೆ: ನೋಡಿ, ನಾನು ಈ ಕಾರು ತಗೊಳ್ಳಲ್ಲ. ತಗೊಳ್ಳೋಕೆ ಆಗೋದೂ ಇಲ್ಲ. ಮೊದಲೇ ಗೊತ್ತಿತ್ತು. ಸಾರಿ.

ಅವನು ಫೋನು ಕೆಳಗಿಳಿಸಿ ಮೊದಲು ಹಿಂದೆ ತಿರುಗಿ ನೋಡಿದ, ಯಾರಾದರೂ ಕೇಳಿಸಿಕೊಂಡರಾ ಅಂತ. ಆಮೇಲೆ ಸಣ್ಣ ದನಿಯಲ್ಲಿ, "ಸರ್, ದಯವಿಟ್ಟು ಇಲ್ಲಿ ಹಾಗೆ ಹೇಳ್ಬೇಡಿ. ನಿಮ್ಮನ್ನ ಸಿಸ್ಟಮ್‌ನಲ್ಲಿ 'ಹಾಟ್' ಅಂತ ಹಾಕಿದೀನಿ. ಅದಕ್ಕೇ ಇಡೀ ದಿನ ಕೊಟ್ಟಿದ್ದು. ಇವತ್ತೇ 'ಲಾಸ್ಟ್' ಅಂತ ಬಿದ್ದರೆ ಯಾಕೆ ಕೊಟ್ಟೆ ಅಂತ ನನ್ನ ಕೇಳ್ತಾರೆ. ಈ ತಿಂಗಳು ಪ್ರೊಬೇಷನ್ ಮುಗಿಯುತ್ತೆ ಸರ್" ಅಂದ. ಸ್ವಲ್ಪ ಹೊತ್ತು ಬಿಟ್ಟು, "ಹೆಡ್ ಆಫೀಸಿಂದ ಒಂದು ಫೀಡ್‌ಬ್ಯಾಕ್ ಕಾಲ್ ಬರುತ್ತೆ. ಇನ್ನೂ ಯೋಚನೆ ಮಾಡ್ತಿದೀವಿ ಅನ್ನಿ ಸಾಕು" ಅಂದ. ಬೈಯಲಿಲ್ಲ. ಕ್ಷಮಿಸಲೂ ಇಲ್ಲ. ಅವನಿಗೆ ಅದಕ್ಕೆಲ್ಲಾ ಪುರಸೊತ್ತು ಇರಲಿಲ್ಲ.

ಸ್ವಿಫ್ಟಿನಲ್ಲಿ ಕೂತು ತುಂಬಾ ಹೊತ್ತು ಸ್ಟಾರ್ಟ್ ಮಾಡಲಿಲ್ಲ. ಬೆಳಿಗ್ಗೆ ನನ್ನ ಆಸೆಗೆ ಅವನನ್ನ ಬಳಸಿಕೊಂಡಿದ್ದೆ. ಸಂಜೆ ನನ್ನ ಸಮಾಧಾನಕ್ಕೆ ಅವನನ್ನೇ ಬಳಸಿಕೊಳ್ಳೋಕೆ ಹೋಗಿದ್ದೆ. ನಿಜ ಹೇಳೋದು ನನಗೆ ಪುಕ್ಕಟೆ. ಬಿಲ್ಲು ಅವನ ಹೆಸರಿಗೆ. ಸುಳ್ಳಿನದೂ ಅವನ ಹೆಸರಿಗೇ ಇತ್ತು ಅನ್ನೋದು ಬೇರೆ. ಹಾಗಂತ ಸುಳ್ಳು ಮುಂದುವರಿಸೋದು ಸರಿ ಅಂತ ಅನ್ನಿಸಲಿಲ್ಲ. ಫೋನು ಮಾಡಿ ಕೇಳುವ ಆ ಹೆಣ್ಣುಮಗಳು ಯಾರೋ, ಅವರಿಗೂ ನಾನು ಸುಳ್ಳು ಹೇಳಬೇಕು, ಅವರದೂ ಒಂದು ಕೆಲಸ, ಒಂದು ಟಾರ್ಗೆಟ್. ಒಬ್ಬನ ಪ್ರೊಬೇಷನ್ ಉಳಿಸೋಕೆ ಹೇಳುವ ಸುಳ್ಳಿಗೂ, ಏಳು ಸೆಕೆಂಡಿನ ಸುಖಕ್ಕೆ ಹೇಳಿದ ಸುಳ್ಳಿಗೂ ವ್ಯತ್ಯಾಸ ಇದೆ, ಖಂಡಿತ ಇದೆ. ಆದರೆ ಎರಡೂ ಸುಳ್ಳಿನ ಮಾತು ಅಕ್ಷರಶಃ ಒಂದೇ ಅನ್ನೋದು ನನ್ನನ್ನ ಕಾಡ್ತಿದೆ. ಮೊದಲನೆಯದು ಇಲ್ಲದಿದ್ದರೆ ಎರಡನೆಯದು ಬೇಕಾಗ್ತಿರಲಿಲ್ಲ ಅನ್ನೋದೂ.

ಗುರುವಾರ ಬೆಳಿಗ್ಗೆ ಸ್ಟ್ಯಾಂಡಪ್ ಮೀಟಿಂಗ್ ನಡೀತಿದ್ದಾಗ ಫೋನು ಬಂತು. ಕಾರಿಡಾರಿಗೆ ಎದ್ದು ಹೋದೆ. ಕನ್ನಡದಲ್ಲೇ ಮಾತಾಡಿದರು, ಧಾರವಾಡದ ಕಡೆಯ ದನಿ. ನಮ್ಮ ಸೇಲ್ಸ್ ಎಕ್ಸಿಕ್ಯುಟಿವ್ ಅವರಿಗೆ ಹತ್ತರಲ್ಲಿ ಎಷ್ಟು ಕೊಡ್ತೀರಿ ಸರ್? ಹತ್ತು ಅಂದೆ. ಗಾಡಿ ಹೇಗನ್ನಿಸ್ತು? ತುಂಬಾ ಚೆನ್ನಾಗಿದೆ ಅಂದೆ. ಇಷ್ಟರವರೆಗೆ ಸರಾಗ.

"ಯಾವಾಗ ತಗೊಳ್ಳೋ ಪ್ಲ್ಯಾನ್ ಐತ್ರಿ ಸರ್?"

ಗಾಜಿನಾಚೆ ಪಾರ್ಕಿಂಗ್ ಕಾಣ್ತಿತ್ತು. ಸ್ವಿಫ್ಟಿನ ಮೇಲೆ ಯಾರೋ ಬೆರಳಲ್ಲಿ 'ತೊಳಿ' ಅಂತ ಬರೆದಿದ್ದರು.

"ದೀಪಾವಳಿ ಹೊತ್ತಿಗೆ" ಅಂದೆ.

ಯಾವ ದೀಪಾವಳಿ ಅಂತ ಅವರು ಕೇಳಲಿಲ್ಲ.