ಮಗುವಿನ ಪಕ್ಕದಲ್ಲಿ ಕೂರುವವರು ಯಾರು?

ಕೆಲವು ಚಿತ್ರಗಳನ್ನು ನಾವು ಮಕ್ಕಳ ಮುಂದೆ ಹಾಕಿ ನಿಶ್ಚಿಂತೆಯಿಂದ ನಮ್ಮ ಕೆಲಸಕ್ಕೆ ಹೊರಟುಬಿಡುತ್ತೇವೆ. ಡಿಸ್ನಿ ಸಂಸ್ಥೆ 1964ರಲ್ಲಿ ತೆಗೆದ 'ಮೇರಿ ಪಾಪಿನ್ಸ್' ಅಂಥ ಒಂದು ಚಿತ್ರ. ಕೊಡೆ ಹಿಡಿದು ಗಾಳಿಯಲ್ಲಿ ತೇಲಿಬರುವ ದಾದಿ, ಅಪ್ಪನ ಪ್ರೀತಿಗೆ ಹಂಬಲಿಸುವ ಇಬ್ಬರು ಮಕ್ಕಳು, ಲಂಡನ್ನಿನ ಮನೆಗಳ ಚಿಮಣಿ ಗುಡಿಸುವ ಬರ್ಟ್ ಎಂಬ ಗೆಳೆಯ. ಐದು ಆಸ್ಕರ್ ಪಡೆದ ಈ ಚಿತ್ರವನ್ನು ಮೂರು ತಲೆಮಾರಿನ ಮಕ್ಕಳು ನೋಡಿ ಬೆಳೆದಿದ್ದಾರೆ. ಬ್ರಿಟನ್ನಿನಲ್ಲಿ ಅದಕ್ಕಿದ್ದುದು 'ಯು' ಪ್ರಮಾಣಪತ್ರ. ಅಂದರೆ ನಾಲ್ಕು ವರ್ಷ ದಾಟಿದ ಯಾರಾದರೂ ನೋಡಬಹುದು. ಅರವತ್ತು ವರ್ಷಗಳ ನಂತರ, 2024ರ ಫೆಬ್ರವರಿಯಲ್ಲಿ, ಚಿತ್ರವನ್ನು ಮತ್ತೆ ಥಿಯೇಟರಿಗೆ ತರುವಾಗ ಅಲ್ಲಿನ ವರ್ಗೀಕರಣ ಮಂಡಳಿ ಅದನ್ನು 'ಪಿಜಿ'ಗೆ ಏರಿಸಿತು. ಮಕ್ಕಳು ನೋಡಬಹುದು, ಆದರೆ ಹೆತ್ತವರು ಗಮನಿಸಲಿ ಎಂಬುದು ಅದರ ಅರ್ಥ. ಕಾರಣ ಒಂದೇ ಒಂದು ಪದ, 'ಹಾಟೆನ್‌ಟಾಟ್'.

ಚಿತ್ರದಲ್ಲಿ ಆ ಪದ ಎರಡು ಸಲ ಬರುತ್ತದೆ, ಎರಡು ಸಲವೂ ಅಡ್ಮಿರಲ್ ಬೂಮ್ ಎಂಬ ನಿವೃತ್ತ ನೌಕಾಧಿಕಾರಿಯ ಬಾಯಲ್ಲಿ. ತನ್ನ ಮನೆಯ ಮಾಳಿಗೆಯನ್ನೇ ಹಡಗು ಮಾಡಿಕೊಂಡು ಹೊತ್ತುಹೊತ್ತಿಗೆ ಫಿರಂಗಿ ಹಾರಿಸುವ ಅರೆಮರುಳ ಆತ. ಮೊದಲ ಸಲ ಮಗುವನ್ನು ಮಾತಾಡಿಸುತ್ತಾ, ಆ ಜನರನ್ನು ಬಗ್ಗುಬಡಿಯಲು ಹೊರಟೆಯಾ ಎಂಬಂತೆ ಕೇಳುತ್ತಾನೆ. ಎರಡನೆಯ ಸಲ, ಮುಖಕ್ಕೆಲ್ಲ ಮಸಿ ಬಳಿದುಕೊಂಡು ಛಾವಣಿಗಳ ಮೇಲೆ ಕುಣಿಯುವ ಚಿಮಣಿ ಕೆಲಸಗಾರರನ್ನು ನೋಡಿ ಅವರೇ ದಾಳಿಯಿಟ್ಟರೆಂದು ಬಗೆದು ಬಾಣಬಿರುಸು ಹಾರಿಸುತ್ತಾನೆ. ನೋಡುವವರು ನಗುತ್ತಾರೆ. ದೃಶ್ಯ ಮುಗಿಯುತ್ತದೆ.

ಈ ನಿರ್ಧಾರ ಹೊರಬಿದ್ದಾಗ ಹಲವರು ಗೇಲಿ ಮಾಡಿದರು. ಅವರ ಆಕ್ಷೇಪಗಳನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಇಂದಿನ ಮಗುವಿಗೆ ಆ ಪದದ ಅರ್ಥವೇ ಗೊತ್ತಿಲ್ಲ, ಗೊತ್ತಿಲ್ಲದ ಬೈಗುಳವನ್ನು ನಾವೇ ಎತ್ತಿ ತೋರಿಸುವುದೇಕೆ ಎಂಬುದು ಒಂದು. ಅಂದಿನವರನ್ನು ಇಂದಿನ ತಕ್ಕಡಿಯಲ್ಲಿ ತೂಗುವುದು ನ್ಯಾಯವೇ ಎಂಬುದು ಇನ್ನೊಂದು. ಒಂದಕ್ಷರದ ಜಾಗದಲ್ಲಿ ಎರಡಕ್ಷರ ಬರೆದುಬಿಟ್ಟರೆ ಯಾರ ಗಾಯ ಮಾಯುತ್ತದೆ ಎಂಬುದು ಮೂರನೆಯದು.

ಮೊದಲು ಆ ಪದದ ಹಿಂದಿರುವ ಮನುಷ್ಯರನ್ನು ನೋಡೋಣ. ದಕ್ಷಿಣ ಆಫ್ರಿಕಾದ ತುದಿಯಲ್ಲಿ ದನಕುರಿ ಮೇಯಿಸಿಕೊಂಡಿದ್ದ ಖೊಯ್‌ಖೊಯ್ ಜನ ಅವರು. ತಮ್ಮನ್ನು ತಾವು ಕರೆದುಕೊಂಡ ಆ ಹೆಸರಿಗೆ 'ಮನುಷ್ಯರಲ್ಲಿ ಮನುಷ್ಯರು' ಎಂಬಂಥ ಅರ್ಥವಿದೆ. 1652ರಲ್ಲಿ ಡಚ್ಚರು ಅಲ್ಲಿ ನೆಲೆಯೂರಿದ ಮೇಲೆ ಅವರ ಹುಲ್ಲುಗಾವಲು ಹೋಯಿತು, ದನ ಹೋಯಿತು, ಕೊನೆಗೆ ಹೆಸರೂ ಹೋಯಿತು. ನಾಲಿಗೆಯ ಲೊಟಗುಟ್ಟುವ ಸದ್ದುಗಳಿರುವ ಅವರ ಭಾಷೆಯನ್ನು ಅಣಕಿಸಿ ಕಟ್ಟಿದ ಪದವೇ ಹಾಟೆನ್‌ಟಾಟ್ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಅದೇ ಜನಾಂಗದ ಸಾರಾ ಬಾರ್ಟ್‌ಮನ್ ಎಂಬ ಹೆಣ್ಣುಮಗಳನ್ನು 1810ರಲ್ಲಿ ಲಂಡನ್ನಿಗೆ ತಂದು, ಇದೇ ಪದ ಸೇರಿಸಿದ ಹೆಸರಿಟ್ಟು, ದುಡ್ಡು ಕೊಟ್ಟು ಬಂದವರ ಮುಂದೆ ಪ್ರದರ್ಶಿಸಿದರು. 1815ರಲ್ಲಿ ಪ್ಯಾರಿಸ್ಸಿನಲ್ಲಿ ಆಕೆ ಸತ್ತ ಮೇಲೂ ಆಕೆಯ ದೇಹಕ್ಕೆ ಬಿಡುಗಡೆ ಸಿಗಲಿಲ್ಲ. ಅವಶೇಷಗಳು ಅಲ್ಲಿನ ಮ್ಯೂಸಿಯಮ್ಮಿನ ಪಾಲಾದವು. ತಾಯ್ನೆಲದ ಮಣ್ಣು ಆಕೆಗೆ ದಕ್ಕಿದ್ದು 2002ರಲ್ಲಿ.

'ಮೇರಿ ಪಾಪಿನ್ಸ್' ಕತೆ ನಡೆಯುವುದು 1910ರ ಲಂಡನ್ನಿನಲ್ಲಿ. ಸಾರಾಳನ್ನು ಆ ಊರಿನಲ್ಲಿ ತೋರುಬೊಂಬೆ ಮಾಡಿ ಸರಿಯಾಗಿ ನೂರು ವರ್ಷ. 1904ರಿಂದ 1908ರ ನಡುವೆ, ಇಂದಿನ ನಮೀಬಿಯಾದಲ್ಲಿ, ಖೊಯ್‌ಖೊಯ್ ಮೂಲದ ನಾಮಾ ಜನರನ್ನೂ ಅವರ ನೆರೆಯ ಹೆರೆರೊಗಳನ್ನೂ ಜರ್ಮನ್ ಸೇನೆ ಸಾವಿರಾರು ಸಂಖ್ಯೆಯಲ್ಲಿ ಕೊಂದಿತ್ತು. ಅದು ನರಮೇಧವೆಂದು ಜರ್ಮನಿ ಸರ್ಕಾರ ಒಪ್ಪಿಕೊಂಡದ್ದು 2021ರಲ್ಲಿ. ಹೀಗಿರುವಾಗ, ಆ ಜನರನ್ನು ಬಗ್ಗುಬಡಿಯುವ ಮಾತು ಒಬ್ಬ ಮುದುಕನ ತಮಾಷೆಯಷ್ಟೇ ಎನ್ನುವುದು ಹೇಗೆ? ಚಿತ್ರ ತೆಗೆದವರ ಮನಸ್ಸಿನಲ್ಲಿ ದ್ವೇಷವಿತ್ತೆಂದು ನಾವು ಹೇಳುತ್ತಿಲ್ಲ. ಅವರಿಗೆ ಈ ಯಾವುದೂ ನೆನಪಿಗೇ ಬಂದಿರಲಾರದು. ನಗುವವನಿಗೆ ನೆನಪಿನ ಅಗತ್ಯ ಬೀಳುವುದಿಲ್ಲ. ನೆನಪು ಬೇಕಾಗುವುದು ನಗೆಗೆ ಈಡಾದವನಿಗೆ.

ಇದನ್ನು ಬರೆಯುವಾಗ ನಮಗೆ ನಮ್ಮೂರಿನ ಟೆಂಟ್ ಟಾಕೀಸು ನೆನಪಾಗುತ್ತದೆ. ನಗಿಸಲೆಂದೇ ತೆರೆಗೆ ತಂದ ಸಾಬಿಯ ಪಾತ್ರವೊಂದು ಟೋಪಿ ಹಾಕಿಕೊಂಡು, ಗಂಡುಹೆಣ್ಣೆಂಬ ಲಿಂಗಭೇದವಿಲ್ಲದ ಕನ್ನಡದಲ್ಲಿ ಮಾತಾಡುತ್ತಿತ್ತು. ಟಾಕೀಸಿಗೆ ಟಾಕೀಸೇ ನಗುತ್ತಿತ್ತು. ಅಂಥ ಕನ್ನಡ ನಮ್ಮ ಮನೆಯ ಹಿರಿಯರದು. ಉರ್ದು ಶಾಲೆಯಿಂದ ಕನ್ನಡ ಶಾಲೆಗೆ ಬಂದ ಹೊಸದರಲ್ಲಿ ನಮ್ಮದೂ ಹಾಗೆಯೇ ಇತ್ತು. ಆದರೂ ನಾವು ನಕ್ಕೆವು. ಎಲ್ಲರೂ ನಗುವಾಗ ಒಬ್ಬನೇ ಸುಮ್ಮನಿದ್ದರೆ ಎದ್ದು ಕಾಣುತ್ತೇವಲ್ಲ! ಅವು ಕುಟುಂಬ ಸಮೇತ ನೋಡುವ ಚಿತ್ರಗಳು. ಬರೆದವರು ಕೆಟ್ಟವರೂ ಆಗಿರಲಿಲ್ಲ. ಅವುಗಳ ಹಾಡುಗಳನ್ನು ನಾವು ಇವತ್ತಿಗೂ ಗುನುಗುತ್ತೇವೆ. ಆ ಚಿತ್ರಗಳನ್ನು ಯಾರಾದರೂ ನಿಷೇಧಿಸುತ್ತೇವೆಂದರೆ ಮೊದಲು ಬೇಡವೆನ್ನುವವರೂ ನಾವೇ. ಆದರೆ ಆ ದಿನ ಪಕ್ಕದಲ್ಲಿ ಕೂತಿದ್ದ ದೊಡ್ಡವರೊಬ್ಬರು, ಯಾವ ಧರ್ಮದವರೇ ಆಗಲಿ, ಮನೆಗೆ ಹೋಗುವ ದಾರಿಯಲ್ಲಿ ಅದರ ಬಗ್ಗೆ ಒಂದು ಮಾತಾಡಿದ್ದರೆ ಒಳಗೆ ಕೂತ ಆ ಮುಜುಗರ ಇಷ್ಟು ವರ್ಷ ಉಳಿಯುತ್ತಿರಲಿಲ್ಲವೇನೋ.

ಹಾಗೆಂದು ನಾವು ಬರೀ ನೊಂದವರ ಸಾಲಿನಲ್ಲಿ ನಿಂತರೆ ಅದು ಅರ್ಧಸತ್ಯ. ದಸ್ತರಖಾನಿನ ಮುಂದೆ ಆತುರದಿಂದ ತಿನ್ನುವ ಮಗುವಿಗೆ ನಮ್ಮ ಮನೆಗಳಲ್ಲಿ ಹಿರಿಯರು ಅನ್ನುತ್ತಿದ್ದ ಪದ 'ಹಬ್ಶಿ'. ಮೈಬಣ್ಣ ಕಪ್ಪಗಿದ್ದರಂತೂ ಅದೇ ಅವನ ಹೆಸರು. ಹಬ್ಶಿ ಎಂದರೆ ಹಬಶಾದವನು, ಅಬಿಸೀನಿಯಾದವನು. ಮಕ್ಕಾದ ಹಿಂಸೆ ತಾಳದೆ ಹೊರಟ ಮೊದಲ ಮುಸ್ಲಿಮರಿಗೆ ಆಶ್ರಯ ಕೊಟ್ಟದ್ದು ಆ ನಾಡಿನ ಕ್ರೈಸ್ತ ದೊರೆ ನಜಾಶಿ. ಮೊದಲ ಅಜಾನ್ ಕೂಗಿದ ಹಜ್ರತ್ ಬಿಲಾಲ್(ರ) ಅದೇ ಮೂಲದವರು. ಬಿಜಾಪುರದ ಆದಿಲ್‌ಶಾಹಿ ದರ್ಬಾರಿನಲ್ಲಿ ಮಂತ್ರಿಯಾಗಿದ್ದ ಇಖ್ಲಾಸ್ ಖಾನ್ ಹಬ್ಶಿಯೇ. ಯಲ್ಲಾಪುರ, ಹಳಿಯಾಳದ ಕಾಡಿನಂಚಿನಲ್ಲಿರುವ ನಮ್ಮ ಸಿದ್ದಿಗಳೂ ಆಫ್ರಿಕಾದ ಮೂಲದವರೇ, ಅವರಲ್ಲಿ ಮುಸ್ಲಿಮರೂ ಇದ್ದಾರೆ. ಇಷ್ಟೆಲ್ಲ ತಿಳಿದೂ ಆ ಪದ ನಮ್ಮ ಬಾಯಲ್ಲಿ ಹೊಟ್ಟೆಬಾಕನಿಗೆ ಹೆಸರಾಯಿತು. ಹಜ್ರತ್ ಅಬೂ ದರ್(ರ) ಕೋಪದಲ್ಲಿ ಒಬ್ಬರನ್ನು ಅವರ ತಾಯಿಯ ಹೆಸರೆತ್ತಿ ಹಂಗಿಸಿದಾಗ, ನಿನ್ನಲ್ಲಿ ಇನ್ನೂ ಅಜ್ಞಾನಕಾಲದ ಗುಣ ಉಳಿದಿದೆ ಎಂಬರ್ಥದಲ್ಲಿ ಪ್ರವಾದಿ(ಸ) ಎಚ್ಚರಿಸಿದ್ದು ಹದೀಸ್‌ನಲ್ಲಿದೆ. ಹಾಗೆ ಹಂಗಿಸಿಕೊಂಡವರು ಬಿಲಾಲರೇ ಎಂದು ಪರಂಪರೆ ಹೇಳುತ್ತದೆ. ಪ್ರವಾದಿಯವರು ಅಬೂ ದರ್‌ರನ್ನು ತಮ್ಮ ಬಳಿಯಿಂದ ದೂರ ಮಾಡಲಿಲ್ಲ ಎಂಬುದು ಇಲ್ಲಿ ಮುಖ್ಯ. ತಪ್ಪಿಗೆ ತಪ್ಪೆಂದು ಹೆಸರಿಟ್ಟರು. ಮನುಷ್ಯನನ್ನು ಉಳಿಸಿಕೊಂಡರು.

ಹಳೆಯ ಚಿತ್ರಗಳ ವಿಷಯದಲ್ಲೂ ನಮಗೆ ಈ ದಾರಿಯೇ ಸರಿ ಕಾಣುತ್ತದೆ. ಕತ್ತರಿಸುವುದು ಸುಲಭ, ಆದರೆ ಕತ್ತರಿ ಸಾಕ್ಷಿಯನ್ನೂ ತೆಗೆದುಬಿಡುತ್ತದೆ. ಮೇರಿ ಪಾಪಿನ್ಸಳನ್ನು ಸೃಷ್ಟಿಸಿದ ಲೇಖಕಿ ಪಿ. ಎಲ್. ಟ್ರಾವರ್ಸ್ ತಮ್ಮ 1934ರ ಪುಸ್ತಕದ ಒಂದು ಅಧ್ಯಾಯದಲ್ಲಿ ನಾಲ್ಕು ದಿಕ್ಕಿನ ಜನರನ್ನು ಹಾಸ್ಯಾಸ್ಪದವಾಗಿ ಚಿತ್ರಿಸಿದ್ದರು. ಅದಕ್ಕೆ ವಿರೋಧ ಬಂದು, 1981ರಲ್ಲಿ ಆ ಜನರ ಜಾಗದಲ್ಲಿ ಪ್ರಾಣಿಗಳನ್ನು ತಂದು ತಿದ್ದಿ ಬರೆದರು. ಅದು ಬದುಕಿದ್ದ ಲೇಖಕಿಯ ಹಕ್ಕು. ಆದರೆ ಸತ್ತವರ ಕೃತಿಗೆ ಕತ್ತರಿ ಹಾಕುವ ಹಕ್ಕು ನಮಗೆಲ್ಲಿಂದ ಬರಬೇಕು? ಬ್ರಿಟನ್ನಿನ ಮಂಡಳಿ 'ಮೇರಿ ಪಾಪಿನ್ಸ್' ಚಿತ್ರದ ಒಂದು ಚೌಕಟ್ಟನ್ನೂ ಮುಟ್ಟಲಿಲ್ಲ. 1912ರಲ್ಲಿ ಹುಟ್ಟಿದಾಗ ಅದರ ಹೆಸರಿನಲ್ಲಿ 'ಸೆನ್ಸಾರ್' ಎಂಬುದಿತ್ತು, 1980ರ ದಶಕದಲ್ಲಿ ಅದು 'ವರ್ಗೀಕರಣ' ಎಂದಾಯಿತು. ನಮ್ಮಲ್ಲಿ ಬಹುಮಟ್ಟಿಗೆ ಇದರ ಉಲ್ಟಾ ನಡೆದಿದೆ. 'ಎ' ಪಡೆದ ಚಿತ್ರವನ್ನು ಟಿ.ವಿ.ಗಾಗಿ ಅಲ್ಲಿಲ್ಲಿ ಕತ್ತರಿಸಿ 'ಯುಎ' ಮಾಡಿಸಿಕೊಳ್ಳುತ್ತೇವೆ. ಅಲ್ಲಿ ಚಿತ್ರ ಹಾಗೆಯೇ ಉಳಿದು ಪತ್ರ ಬದಲಾದರೆ, ಇಲ್ಲಿ ಪತ್ರಕ್ಕಾಗಿ ಚಿತ್ರ ಬದಲಾಗುತ್ತದೆ. 2023ರ ತಿದ್ದುಪಡಿ ಕಾಯ್ದೆ 'ಯುಎ'ಯನ್ನು ಏಳು, ಹದಿಮೂರು, ಹದಿನಾರು ವರ್ಷಗಳೆಂದು ವಿಂಗಡಿಸಿ, ನಿರ್ಧಾರದ ಒಂದು ಪಾಲನ್ನು ಹೆತ್ತವರ ಕೈಗೆ ಕೊಟ್ಟಿರುವುದು ಒಳ್ಳೆಯ ಹೆಜ್ಜೆ.

ಈಗ ಆ ಮೂರು ಆಕ್ಷೇಪಗಳಿಗೆ ಮರಳೋಣ. ಮಗುವಿಗೆ ಅರ್ಥ ಗೊತ್ತಿಲ್ಲ, ನಿಜ. ಗೊತ್ತಿಲ್ಲದ್ದರಿಂದಲೇ ಅದು ಕಲಿತ ಪದವನ್ನು ನಾಳೆ ಶಾಲೆಯಲ್ಲಿ ಯಾರದೋ ಮುಖಕ್ಕೆ ಎಸೆಯಬಹುದು. ಮಂಡಳಿ ಮಾತಾಡಿಸಿದ ಹೆತ್ತವರ ಆತಂಕವೂ ಇದೇ ಆಗಿತ್ತು. ಇನ್ನು ಹಳಬರ ತೂಕದ ಮಾತು. ವಯೋಮಿತಿಯ ಗುರುತು ಚಿತ್ರ ಮಾಡಿದವರಿಗೆ ಕೊಡುವ ಶಿಕ್ಷೆಯಲ್ಲ, ಇಂದು ನೋಡುವವರಿಗೆ ಕೊಡುವ ಸೂಚನೆ. ಮೊಲಗಳ ಕತೆಯೆಂದು ಮಕ್ಕಳನ್ನು ಕರೆದೊಯ್ದ ಎಷ್ಟೋ ತಂದೆತಾಯಂದಿರು 1978ರ 'ವಾಟರ್‌ಶಿಪ್ ಡೌನ್' ಚಿತ್ರದ ರಕ್ತ ಕಂಡು ಬೆಚ್ಚಿದ್ದರು. ಅದಕ್ಕಿದ್ದ 'ಯು' ಕೂಡ ನಾಲ್ಕು ದಶಕ ಕಳೆದು, 2023ರ ಹೊತ್ತಿಗೆ 'ಪಿಜಿ'ಯಾಗಿತ್ತು. ಆಗ ಯಾರೂ ಇತಿಹಾಸಕ್ಕೆ ಅವಮಾನವಾಯಿತು ಎನ್ನಬೇಕಿರಲಿಲ್ಲ. ರಕ್ತ ಕಂಡ ಮಗು ಅಲ್ಲೇ ಅಳುತ್ತದೆ. ಮಾತಿನ ಗಾಯ ಥಿಯೇಟರಿನ ಹೊರಗೆ, ಇನ್ನೊಂದು ಮಗುವಿಗೆ ಆಗುತ್ತದೆ. ಕಣ್ಣಿಗೆ ಕಾಣದ ಈ ಎರಡನೆಯ ಮಗುವನ್ನೂ ಲೆಕ್ಕಕ್ಕೆ ಹಿಡಿಯಬೇಕೆಂಬುದೇ ಇಲ್ಲಿನ ನೈತಿಕ ಪ್ರಶ್ನೆ.

ಮೂರನೆಯ ಆಕ್ಷೇಪವನ್ನು ಮಾತ್ರ ನಾವು ಒಪ್ಪುತ್ತೇವೆ. ಅಕ್ಷರ ಬದಲಾದ ಮಾತ್ರಕ್ಕೆ ಏನೂ ಆಗುವುದಿಲ್ಲ. ಪ್ರಮಾಣಪತ್ರ ಮಗುವಿನೊಡನೆ ಮಾತಾಡುವುದಿಲ್ಲ. 'ಹೆತ್ತವರ ಗಮನಕ್ಕೆ' ಎಂದು ಬರೆದವರು ತಮ್ಮ ಕೆಲಸ ಮುಗಿಸಿದ್ದಾರೆ, ಉಳಿದದ್ದು ನಮ್ಮದು. ಇನ್ನೊಂದು ಸಲ ಅಂಥ ಚಿತ್ರ ಹಾಕುವಾಗ ಕೆಲಸ ಬಿಟ್ಟು ಮಗುವಿನ ಪಕ್ಕದಲ್ಲಿ ಕೂರೋಣ. ಕೊಡೆ ಹಿಡಿದು ಬರುವ ದಾದಿಯನ್ನು ಕಂಡು ಅದರ ಜೊತೆ ನಗೋಣ. ಆ ಮಾತು ಬಂದಾಗ, ಹಾಗೆ ಕರೆಸಿಕೊಂಡ ಜನರಿಗೆ ಅವರದೇ ಆದ ಹೆಸರೊಂದಿತ್ತು ಎಂದು ಹೇಳೋಣ. ಆಮೇಲೆ ದಸ್ತರಖಾನಿನ ಮುಂದೆ ಕೂತಾಗ ನಮ್ಮ ನಾಲಿಗೆಯ ಮೇಲೂ ಒಂದು ಕಣ್ಣಿರಲಿ.