ಪೋಣಿಸಿದ ಹೊತ್ತಿಗೆ ಬೆಲೆಯೆಷ್ಟು?

ಶಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ. ದೇವಿ ಬಿಡಕಿಬೈಲಿನ ಗದ್ದುಗೆಯಲ್ಲಿ ಕೂತಷ್ಟು ದಿನವೂ ಸುತ್ತಮುತ್ತ ಬಳೆ, ಸರ, ಓಲೆಯ ಅಂಗಡಿಗಳು. ಸಿದ್ದಾಪುರ, ಯಲ್ಲಾಪುರದ ಹಳ್ಳಿಗಳಿಂದ ಬಂದ ಹೆಂಗಸರಲ್ಲಿ ಕೆಲವರು ಪೋಣಿಸಿಟ್ಟ ಸರದ ಕಡೆ ನೋಡುವುದೇ ಇಲ್ಲ, ಬಿಡಿ ಮಣಿಯ ಪೊಟ್ಟಣ ಕೇಳುತ್ತಾರೆ. ಮನೆಯಲ್ಲಿ ತಾವೇ ಪೋಣಿಸುವವರು ಅವರು. ತಮ್ಮ ಕರಿಮಣಿ, ಮಗಳ ಕೊರಳಿಗೊಂದು ಸರ ಎಂದು ಶುರುವಾದ ಕೆಲಸ ಈಗ ಮಾರಾಟಕ್ಕೂ ಬಂದಿದೆ. ವಾಟ್ಸಾಪಿನಲ್ಲಿ ಫೋಟೊ ಹಾಕುತ್ತಾರೆ. ಮೇಳಗಳಲ್ಲಿ ಹಪ್ಪಳ, ಅಪ್ಪೆಮಿಡಿ ಉಪ್ಪಿನಕಾಯಿಯ ಪಕ್ಕ ಬಟ್ಟೆ ಹಾಸಿ ಸರಗಳನ್ನು ಇಡುತ್ತಾರೆ. ಅಲ್ಲಿ ಮೇಲಿಂದ ಮೇಲೆ ಕಿವಿಗೆ ಬೀಳುವ ಮಾತು: ‘ಬರೀ ಮಣಿಗೆ ಇಷ್ಟೆಲ್ಲ ಹೇಳಿರೆ ಹ್ಯಾಂಗೆ ತಂಗಿ?’

ಆ ಮಾತು ನನಗೆ ನೋವು ಕೊಡುತ್ತದೆ. ಆ ಸರದಲ್ಲಿ ಬರೀ ಮಣಿ ಇರುವುದಿಲ್ಲ.

ಎರಡು ಮಿಲಿಮೀಟರ್‌ನ ಗಾಜಿನ ಮಣಿಯಾದರೆ ಒಂದು ಮೊಳದ ಒಂದೆಳೆಗೆ ಇನ್ನೂರಕ್ಕೂ ಹೆಚ್ಚು ಬೇಕು. ಮೂರೆಳೆಯ ಸರವೆಂದರೆ ಸುಮಾರು ಏಳುನೂರು. ಪೊಟ್ಟಣದ ಮಣಿಗಳು ಒಂದೇ ಸಮ ಇರುವುದಿಲ್ಲ. ದಪ್ಪದ್ದು, ಚಪ್ಪಟೆಯದ್ದು, ತೂತು ಸೊಟ್ಟಗಾದದ್ದು ಎಲ್ಲವನ್ನೂ ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ ಮೊದಲು ಆರಿಸಿ ತೆಗೆಯಬೇಕು. ಉರುಳಿ ಹೋಗದಿರಲೆಂದು ಹರಿವಾಣಕ್ಕೆ ಬಟ್ಟೆ ಹಾಸಿ ಮಣಿ ಸುರಿದುಕೊಂಡು, ಕೂದಲೆಳೆಯಂಥ ಸೂಜಿ ಹಿಡಿದು ಕೂರಬೇಕು. ಮಣಿಯ ತೂತಿನ ಅಂಚು ಹರಿತವಾಗಿದ್ದರೆ ದಾರ ದಿನದಿನಕ್ಕೆ ಸವೆದು ಒಂದು ದಿನ ಹರಿಯುತ್ತದೆ. ಅನುಭವಸ್ಥರು ದಾರಕ್ಕೆ ಮೇಣ ಸವರುವುದು, ಬೆಲೆಬಾಳುವ ಮುತ್ತು ಹವಳಗಳ ನಡುವೆ ಒಂದೊಂದಕ್ಕೂ ಗಂಟು ಹಾಕುವುದು ಇದೇ ಕಾರಣಕ್ಕೆ. ಗಂಟಿದ್ದರೆ ದಾರ ಹರಿದರೂ ಕಳೆದುಹೋಗುವುದು ಒಂದೇ ಮಣಿ. ಇಷ್ಟೆಲ್ಲ ನಡೆಯುವುದು ಅಡುಗೆ, ಕೊಟ್ಟಿಗೆ, ತೋಟದ ಕೆಲಸ ಮುಗಿದ ಮೇಲೆ. ಮಳೆಗಾಲದಲ್ಲಂತೂ ಮಧ್ಯಾಹ್ನವೇ ಕತ್ತಲೆ ಕವಿದಿರುತ್ತದೆ, ಕರೆಂಟಿನ ಭರವಸೆಯಿಲ್ಲ. ಕಣ್ಣು ಸೋಲುತ್ತದೆ, ಕುತ್ತಿಗೆ ಹಿಡಿಯುತ್ತದೆ.

ಇದೇ ಗಿರಾಕಿ ಚಿನ್ನದಂಗಡಿಗೆ ಹೋದರೆ ಚಿನ್ನದ ಬೆಲೆಯ ಮೇಲೆ ಮಜೂರಿ ಎಂದು ಬೇರೆಯೇ ಕೊಡುತ್ತಾರೆ, ವೇಸ್ಟೇಜ್ ಎಂದು ಇನ್ನಷ್ಟು ಕೊಡುತ್ತಾರೆ. ಬಿಲ್ಲಿನಲ್ಲಿ ಅದಕ್ಕೊಂದು ಸಾಲೇ ಇರುತ್ತದೆ. ಮಾಡಿದ ಕೈಗೆ ಕೂಲಿ ಸಲ್ಲಬೇಕು ಎಂಬುದು ಅಲ್ಲಿ ಯಾರಿಗೂ ವಿಚಿತ್ರ ಅನ್ನಿಸುವುದಿಲ್ಲ. ಕೆಲಸ ಮನೆಯ ಜಗುಲಿಯಲ್ಲಿ ನಡೆದರೆ, ಮಾಡಿದವಳು ನೆರೆಮನೆಯ ಅಕ್ಕನಾದರೆ, ಆ ಸಾಲು ಅಳಿಸಿಹೋಗುತ್ತದೆ. ‘ಹೇಗೂ ಸುಮ್ಮನೆ ಕೂತಿರುತ್ತಿದ್ದಳಲ್ಲ’ ಎಂಬ ಲೆಕ್ಕ ಅದು. ನಮ್ಮ ಕಡೆಯ ಯಾವ ಮನೆಯಲ್ಲಿ ಹೆಂಗಸು ಸುಮ್ಮನೆ ಕೂತದ್ದನ್ನು ಯಾರು ನೋಡಿದ್ದಾರೆ?

ಮಣಿಯೆಂದರೆ ಅಗ್ಗ ಎಂಬ ಭಾವನೆಯೂ ಇದರಲ್ಲಿ ಸೇರಿಕೊಂಡಿದೆ. ಯಲ್ಲಾಪುರದಿಂದ ಅರಬೈಲು ಘಟ್ಟ ಇಳಿದರೆ ಅಂಕೋಲಾ, ಶಿರಸಿಯಿಂದ ದೇವಿಮನೆ ಘಟ್ಟ ಇಳಿದರೆ ಕುಮಟಾ. ಆ ಸೀಮೆಯ ಹಾಲಕ್ಕಿ ಒಕ್ಕಲಿಗ ಹೆಂಗಸರ ಕೊರಳು ತುಂಬ ಮಣಿಸರಗಳು. ಅವರಲ್ಲೊಬ್ಬರಾದ ಬಡಗೇರಿಯ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂತು. ಇನ್ನೊಬ್ಬರಾದ ಹೊನ್ನಳ್ಳಿಯ ತುಳಸಿ ಗೌಡರು 2021ರ ನವೆಂಬರ್‌ನಲ್ಲಿ ರಾಷ್ಟ್ರಪತಿ ಭವನದಲ್ಲಿ ಬರಿಗಾಲಲ್ಲಿ, ಅದೇ ಮಣಿಸರಗಳಲ್ಲಿ ನಿಂತು ಪದ್ಮಶ್ರೀ ಪಡೆದರು. ದೇಶ ಕಣ್ತುಂಬ ನೋಡಿದ ಆ ಅಲಂಕಾರಕ್ಕೆ ಚಿನ್ನ ಬೇಕಾಗಲಿಲ್ಲ. ಈಗ ಇಬ್ಬರೂ ಇಲ್ಲ.

ಇಲ್ಲಿ ಇನ್ನೊಂದು ಮಾತನ್ನು ಹೇಳಿಬಿಡಬೇಕು. ಕಾಡಿನ ಬೀಜದ ಸರಗಳಿಗೆ ಈಗ ಬೇಡಿಕೆ ಹೆಚ್ಚು, ಬೇಲಿಯ ಮೇಲೆ ಗುಲಗಂಜಿ ಧಾರಾಳ. ಅಕ್ಕಸಾಲಿಗರು ಚಿನ್ನ ತೂಗುತ್ತಿದ್ದ ಆ ಚೆಂದದ ಬೀಜದೊಳಗೆ ಅಬ್ರಿನ್ ಎಂಬ ಘೋರ ವಿಷವಿದೆ. ಸಿಪ್ಪೆ ಗಟ್ಟಿಯಾಗಿರುವವರೆಗೆ ಅದು ಹೊರಬರುವುದಿಲ್ಲ. ತೂತು ಕೊರೆದರೆ ಆ ಕಾವಲು ಹೋಯಿತು. ಮಕ್ಕಳು ಸರವನ್ನು ಬಾಯಿಗಿಡುತ್ತಾರೆ, ಕೊರೆಯುವವರ ಬೆರಳಿಗೂ ಉಸಿರಿಗೂ ಪುಡಿ ತಾಗುತ್ತದೆ. ಎಷ್ಟೇ ಬೆಲೆ ಕೊಡುತ್ತೇವೆಂದರೂ ಗುಲಗಂಜಿಯ ಸರ ಬೇಡ.

ಮತ್ತೆ ಕೂಲಿಯ ಮಾತಿಗೆ ಬರೋಣ. ಸ್ತ್ರೀಶಕ್ತಿ ಸಂಘಗಳು ನಮ್ಮ ರಾಜ್ಯದಲ್ಲಿ 2000-01ರಲ್ಲೇ ಶುರುವಾದವು. ಉಳಿತಾಯ, ಸಾಲ, ಕಂತಿನ ಲೆಕ್ಕ ಬರೆಯುವುದರಲ್ಲಿ ನಮ್ಮ ಹೆಂಗಸರು ಪಳಗಿದ್ದಾರೆ. ಅದೇ ಪುಸ್ತಕದಲ್ಲಿ ಪೋಣಿಸಲು ಕೂತ ಹೊತ್ತು, ಎದ್ದ ಹೊತ್ತನ್ನೂ ಬರೆಯಲಿ. ಮಣಿ, ದಾರ, ಕೊಕ್ಕೆಯ ಖರ್ಚು ಒಂದು ಸಾಲು, ಕೈಕೂಲಿ ಇನ್ನೊಂದು ಸಾಲು. ಒಂದು ಗಂಟೆಗೆ ಇಷ್ಟು ಎಂದು ಸಂಘದವರೆಲ್ಲ ಕೂತು ಗೊತ್ತುಮಾಡಿ, ಅದಕ್ಕಿಂತ ಕಡಿಮೆಗೆ ಯಾರೂ ಕೊಡದಿದ್ದರೆ, ಒಬ್ಬಳನ್ನು ತೋರಿಸಿ ಇನ್ನೊಬ್ಬಳ ಬೆಲೆ ಇಳಿಸುವುದು ನಿಲ್ಲುತ್ತದೆ. ಎರಡೂ ಸಾಲನ್ನು ಚೀಟಿಯಲ್ಲಿ ಬರೆದು ಸರಕ್ಕೆ ಕಟ್ಟಲಿ. ಚೌಕಾಸಿ ಮಾಡುವವರು ಯಾವ ಸಾಲಿನಿಂದ ಕಡಿತ ಕೇಳುತ್ತಿದ್ದೇವೆ ಎಂಬುದನ್ನು ಓದಿಕೊಂಡೇ ಕೇಳಲಿ.